ತಿರುಗಣಿ ಕೋಷ್ಟಕ: ಸ್ವರೂಪ ಮತ್ತು ವಿನಿಯೋಗ

ಅಚ್ಚಾದ ಕೋಷ್ಟಕವೊಂದು ಯಾವಾಗಲೂ ಒಂದು ಪ್ರಶ್ನೆಗೆ ಕೊಟ್ಟ ಉತ್ತರವಾಗಿರುತ್ತದೆ. ಒಂದು ವಿದ್ಯಾಸಂಸ್ಥೆಯ ವಾರ್ಷಿಕ ವರದಿಯ ಕೊನೆಯಲ್ಲಿ ವಿಭಾಗವಾರು ವಿದ್ಯಾರ್ಥಿಗಳ ಸಂಖ್ಯೆಯನ್ನು ಕೊಟ್ಟಿದ್ದರೆ ಅಷ್ಟನ್ನು ಮಾತ್ರ ಅದರಿಂದ ತಿಳಿಯಬಹುದು. ಅವರಲ್ಲಿ ಹೆಣ್ಣುಮಕ್ಕಳು ಎಷ್ಟು ಜನ, ಅರ್ಜಿ ಹಾಕಿ ಸ್ಥಾನ ದೊರೆಯದೆ ಹಿಂದಿರುಗಿದವರು ಎಷ್ಟು ಜನ ಎಂಬ ಬೇರೊಂದು ಪ್ರಶ್ನೆ ಓದುಗನ ಮನಸ್ಸಿನಲ್ಲಿ ಮೂಡಿದರೆ ಆ ಕೋಷ್ಟಕ ಮೌನ ತಾಳುತ್ತದೆ. ಅದನ್ನು ಅರಿಯಬೇಕಾದರೆ ಮತ್ತೆ ಮೂಲ ದಫ್ತರುಗಳನ್ನು ತೆರೆದು, ಒಂದೊಂದು ಹೆಸರನ್ನೂ ಎಣಿಸಿ, ಹೊಸ ಕೋಷ್ಟಕವನ್ನು ರಚಿಸಬೇಕು. ಈ ಶ್ರಮಕ್ಕೆ ಅಂಜಿ ಎಷ್ಟೋ ಪ್ರಶ್ನೆಗಳು ಕೇಳಲ್ಪಡದೆಯೇ ಉಳಿದಿವೆ. ಪ್ರಶ್ನೆಯನ್ನು ಆರಿಸುವ ಅಧಿಕಾರ ಕೋಷ್ಟಕ ರಚಿಸಿದವರ ಕೈಯಲ್ಲಿಯೇ ಉಳಿದುಬಂದಿತು.

ಗಣಕಯಂತ್ರದ ಯುಗದಲ್ಲಿ ಈ ಅಧಿಕಾರವನ್ನು ಓದುಗನ ಕೈಗೆ ದಾಟಿಸಿದ ಸಾಧನಗಳಲ್ಲಿ 'ಪಿವಟ್ ಟೇಬಲ್' ಎಂಬುದು ಮುಖ್ಯವಾದುದು. ಅದರ ಸ್ವರೂಪವೇನು, ಬ್ರೌಸರಿನಲ್ಲಿ ತೆರೆದು ಬಳಸುವ ವೆಬ್ ಅಪ್ಲಿಕೇಶನ್ನಿನಲ್ಲಿ ಅದನ್ನು ಅಳವಡಿಸುವ ಬಗೆ ಹೇಗೆ, ಅಳವಡಿಸುವವರು ವಹಿಸಬೇಕಾದ ಎಚ್ಚರಗಳಾವುವು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಪದದ ಅರ್ಥ ಮತ್ತು ಸ್ವರೂಪ

'ಪಿವಟ್' ಎಂದರೆ ತಿರುಗಣಿ. ಒಂದು ವಸ್ತು ಯಾವುದನ್ನು ಆಧರಿಸಿ ಸುತ್ತುತ್ತದೆಯೋ ಆ ಗೂಟ ಅಥವಾ ಕೀಲು. ಬೀಸುವ ಕಲ್ಲನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೆಳಗಿನ ಕಲ್ಲು ಮತ್ತು ನಡುವಿನ ಗೂಟ ಅಲುಗುವುದಿಲ್ಲ. ಮೇಲಿನ ಕಲ್ಲು ಮಾತ್ರ ತಿರುಗುತ್ತದೆ. ತಿರುಗಣಿ ಕೋಷ್ಟಕದಲ್ಲಿಯೂ ಹೀಗೆಯೇ. ಮೂಲ ದಾಖಲೆಗಳು ಇದ್ದಂತೆಯೇ ಇರುತ್ತವೆ. ಅವುಗಳನ್ನು ನೋಡುವ ದಿಕ್ಕು ಮಾತ್ರ ಬದಲಾಗುತ್ತದೆ.

ಒಂದು ವಿಶ್ವವಿದ್ಯಾನಿಲಯಕ್ಕೆ ಬಂದ ಅರ್ಜಿಗಳ ಪಟ್ಟಿಯನ್ನು ಕಲ್ಪಿಸಿಕೊಳ್ಳಬಹುದು. ಪ್ರತಿಯೊಂದು ಅರ್ಜಿಗೂ ಒಂದು ಸಾಲು. ಪ್ರತಿ ಸಾಲಿನಲ್ಲಿಯೂ ವಿಭಾಗ, ಲಿಂಗ, ಫಲಿತಾಂಶ ಎಂಬ ಮೂರು ತಲೆಬರಹಗಳ ಕೆಳಗೆ ಒಂದೊಂದು ಮಾಹಿತಿ. ತಿರುಗಣಿ ಕೋಷ್ಟಕವು ಈ ಪಟ್ಟಿಯನ್ನು ಕುರಿತು ಓದುಗನನ್ನು ನಾಲ್ಕು ಸಂಗತಿಗಳನ್ನು ಕೇಳುತ್ತದೆ. ಯಾವ ತಲೆಬರಹ ಅಡ್ಡಸಾಲಿಗೆ ಬರಬೇಕು? ಯಾವುದು ಕಂಬಸಾಲಿಗೆ ಬರಬೇಕು? ಅವೆರಡೂ ಕೂಡುವ ಮನೆಯಲ್ಲಿ ಏನನ್ನು ಬರೆಯಬೇಕು: ಎಣಿಕೆಯನ್ನೋ, ಮೊತ್ತವನ್ನೋ, ಸರಾಸರಿಯನ್ನೋ? ಕೊನೆಯದಾಗಿ, ಯಾವ ದಾಖಲೆಗಳನ್ನು ಲೆಕ್ಕದಿಂದ ಹೊರಗಿಡಬೇಕು? ಈ ನಾಲ್ಕಕ್ಕೂ ಉತ್ತರ ದೊರೆತೊಡನೆ ಕೋಷ್ಟಕ ಸಿದ್ಧವಾಗುತ್ತದೆ. ಒಂದು ಉತ್ತರವನ್ನು ಬದಲಾಯಿಸಿದರೆ ಕೋಷ್ಟಕವೂ ಒಡನೆಯೇ ಬದಲಾಗುತ್ತದೆ. ತಲೆಬರಹವನ್ನು ಅಡ್ಡಸಾಲಿನಿಂದ ಕಂಬಸಾಲಿಗೆ ಕೈಯಿಂದ ಎಳೆದು ತಂದಂತೆ ತೆರೆಯ ಮೇಲೆ ಎಳೆಯಬಹುದಾದುದರಿಂದ, ಲೆಕ್ಕದ ಭಾಷೆಯನ್ನು ಅರಿಯದವರೂ ಇದನ್ನು ಬಳಸಬಲ್ಲರು.

ಈ ಕಲ್ಪನೆಯ ಇತಿಹಾಸ ದೀರ್ಘವಾದುದೇನಲ್ಲ. ಅಮೆರಿಕದ ಲೋಟಸ್ ಸಂಸ್ಥೆಯಲ್ಲಿ ಪೀಟೋ ಸಾಲಸ್ ಎಂಬವರು 1980ರ ದಶಕದ ಉತ್ತರಾರ್ಧದಲ್ಲಿ ಇದರ ಮೂಲ ವಿಚಾರವನ್ನು ರೂಪಿಸಿದರು. ಅದರ ಫಲವಾಗಿ ಲೋಟಸ್ ಇಂಪ್ರೂವ್ ಎಂಬ ತಂತ್ರಾಂಶವು 1991ರಲ್ಲಿ ನೆಕ್ಸ್ಟ್ ಗಣಕಗಳಿಗಾಗಿ ಹೊರಬಂದಿತು. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ ತಂತ್ರಾಂಶದ 5ನೆಯ ಆವೃತ್ತಿಯಲ್ಲಿ, ಅಂದರೆ 1993-94ರ ಸುಮಾರಿಗೆ, 'ಪಿವಟ್ ಟೇಬಲ್' ಎಂಬ ಹೆಸರಿನಿಂದಲೇ ಇದು ಸೇರಿತು. ಕಚೇರಿಗಳ ನಿತ್ಯದ ಕೆಲಸದಲ್ಲಿ ಇದು ಬೇರೂರಿದುದು ಅಲ್ಲಿಂದ ಮುಂದೆ. ದತ್ತಸಂಚಯಗಳ ಶಾಸ್ತ್ರದಲ್ಲಿಯೂ ಇದಕ್ಕೆ ಸಮಾನಾಂತರವಾದ ಚಿಂತನೆ ನಡೆಯಿತು. ಜಿಮ್ ಗ್ರೇ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದ ನಡುವಿನಲ್ಲಿ 'ಡೇಟಾ ಕ್ಯೂಬ್' ಎಂಬ ಕ್ರಿಯೆಯನ್ನು ನಿರೂಪಿಸಿದರು. ಎಲ್ಲ ತಲೆಬರಹಗಳ ಎಲ್ಲ ಸಂಯೋಗಗಳಿಗೂ ಒಮ್ಮೆಗೇ ಮೊತ್ತಗಳನ್ನು ಕಂಡುಹಿಡಿಯುವ ಕ್ರಮವದು. ದತ್ತಸಂಚಯಗಳ ಪ್ರಶ್ನಭಾಷೆಯಾದ ಎಸ್‌ಕ್ಯೂಎಲ್‌ನ 1999ರ ಪ್ರಮಾಣದಲ್ಲಿ ಅದಕ್ಕೆ ಸ್ಥಾನ ದೊರೆಯಿತು.

ಒಂದು ನಿದರ್ಶನ

ಕೋಷ್ಟಕವನ್ನು ತಿರುಗಿಸುವುದು ಬರಿಯ ಅನುಕೂಲದ ಮಾತೇ, ಅಥವಾ ಅದರಿಂದ ಸತ್ಯಾಸತ್ಯಗಳ ನಿರ್ಣಯವೂ ಬದಲಾದೀತೇ ಎಂದು ಕೇಳಬಹುದು. ಈ ಪ್ರಶ್ನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದ ಅಂಕಿಗಳು ಉತ್ತರ ಕೊಡುತ್ತವೆ.

1973ರಲ್ಲಿ ಅಲ್ಲಿನ ಸ್ನಾತಕೋತ್ತರ ವ್ಯಾಸಂಗಕ್ಕೆ 8,442 ಪುರುಷರೂ 4,321 ಸ್ತ್ರೀಯರೂ ಅರ್ಜಿ ಸಲ್ಲಿಸಿದ್ದರು. ಪುರುಷರಲ್ಲಿ ಶೇಕಡಾ 44 ಮಂದಿಗೆ ಪ್ರವೇಶ ದೊರೆತರೆ ಸ್ತ್ರೀಯರಲ್ಲಿ ದೊರೆತುದು ಸುಮಾರು ಶೇಕಡಾ 35 ಮಂದಿಗೆ. ಇಷ್ಟು ದೊಡ್ಡ ಸಂಖ್ಯೆಗಳಲ್ಲಿ ಇಷ್ಟು ಅಂತರವು ಆಕಸ್ಮಿಕವಾಗಿ ಬರಲಾರದು. ಈ ಕೋಷ್ಟಕವನ್ನಷ್ಟೇ ನೋಡಿದವರು ಪ್ರವೇಶ ಸಮಿತಿಗಳು ಸ್ತ್ರೀಯರಿಗೆ ಅನ್ಯಾಯವೆಸಗಿವೆ ಎಂಬ ತೀರ್ಮಾನಕ್ಕೇ ಬರುತ್ತಾರೆ. ಆ ವಿಶ್ವವಿದ್ಯಾನಿಲಯದ ಬಿಕೆಲ್, ಹ್ಯಾಮೆಲ್ ಮತ್ತು ಓಕಾನೆಲ್ ಎಂಬ ಮೂವರು ವಿದ್ವಾಂಸರು ಇದನ್ನು ಪರಿಶೀಲಿಸಿ 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಅವರು ಮಾಡಿದ ಮುಖ್ಯ ಕಾರ್ಯವೆಂದರೆ 'ವಿಭಾಗ' ಎಂಬ ಇನ್ನೊಂದು ತಲೆಬರಹವನ್ನು ಕೋಷ್ಟಕದೊಳಕ್ಕೆ ತಂದುದು. ಪ್ರವೇಶವನ್ನು ನಿರ್ಧರಿಸುತ್ತಿದ್ದುದು ಇಡೀ ವಿಶ್ವವಿದ್ಯಾನಿಲಯವಲ್ಲ, ಒಂದೊಂದು ವಿಭಾಗವೂ ಪ್ರತ್ಯೇಕವಾಗಿ ಎಂಬುದು ಅವರ ವಾದದ ನೆಲೆ.

ಅತಿ ದೊಡ್ಡ ಆರು ವಿಭಾಗಗಳ ಅಂಕಿಗಳು ಇಂದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಗಿವೆ. 'ಆರ್' ಎಂಬ ಮುಕ್ತ ತಂತ್ರಾಂಶದೊಡನೆ ಅವು ಯಾರಿಗಾದರೂ ದೊರೆಯುತ್ತವೆ. ಆರೂ ವಿಭಾಗಗಳನ್ನು ಕೂಡಿಸಿದರೆ 2,691 ಪುರುಷರಲ್ಲಿ 1,198 ಮಂದಿಗೆ, ಅಂದರೆ ಶೇಕಡಾ 44.5ರಷ್ಟು ಜನರಿಗೆ ಪ್ರವೇಶ ದೊರೆತಿದೆ. 1,835 ಸ್ತ್ರೀಯರಲ್ಲಿ ದೊರೆತುದು 557 ಮಂದಿಗೆ. ಇದು ಶೇಕಡಾ 30.4. ಈಗ 'ವಿಭಾಗ'ವನ್ನು ಅಡ್ಡಸಾಲಿಗೆ ಎಳೆದರೆ ಕಾಣುವುದು ಹೀಗಿದೆ:

ಎ ವಿಭಾಗ: ಪುರುಷರು 825ರಲ್ಲಿ 512 (ಶೇ. 62.1), ಸ್ತ್ರೀಯರು 108ರಲ್ಲಿ 89 (ಶೇ. 82.4).
ಬಿ ವಿಭಾಗ: ಪುರುಷರು 560ರಲ್ಲಿ 353 (ಶೇ. 63.0), ಸ್ತ್ರೀಯರು 25ರಲ್ಲಿ 17 (ಶೇ. 68.0).
ಸಿ ವಿಭಾಗ: ಪುರುಷರು 325ರಲ್ಲಿ 120 (ಶೇ. 36.9), ಸ್ತ್ರೀಯರು 593ರಲ್ಲಿ 202 (ಶೇ. 34.1).
ಡಿ ವಿಭಾಗ: ಪುರುಷರು 417ರಲ್ಲಿ 138 (ಶೇ. 33.1), ಸ್ತ್ರೀಯರು 375ರಲ್ಲಿ 131 (ಶೇ. 34.9).
ಇ ವಿಭಾಗ: ಪುರುಷರು 191ರಲ್ಲಿ 53 (ಶೇ. 27.7), ಸ್ತ್ರೀಯರು 393ರಲ್ಲಿ 94 (ಶೇ. 23.9).
ಎಫ್ ವಿಭಾಗ: ಪುರುಷರು 373ರಲ್ಲಿ 22 (ಶೇ. 5.9), ಸ್ತ್ರೀಯರು 341ರಲ್ಲಿ 24 (ಶೇ. 7.0).

ಆರರಲ್ಲಿ ನಾಲ್ಕು ವಿಭಾಗಗಳಲ್ಲಿ ಸ್ತ್ರೀಯರ ಪ್ರಮಾಣವೇ ಮೇಲು. ಉಳಿದೆರಡರಲ್ಲಿ ಪುರುಷರ ಪ್ರಮಾಣ ಸ್ವಲ್ಪ ಮಾತ್ರ ಹೆಚ್ಚು. ಒಟ್ಟು ಮೊತ್ತದಲ್ಲಿ ಕಂಡ ದೊಡ್ಡ ಅಂತರ ಎಲ್ಲಿಗೆ ಹೋಯಿತು? ಉತ್ತರ ಇದೇ ಸಾಲುಗಳಲ್ಲಿದೆ. ಪ್ರವೇಶ ಸುಲಭವಾಗಿದ್ದ ಎ ಮತ್ತು ಬಿ ವಿಭಾಗಗಳಿಗೆ ಪುರುಷರ ಅರ್ಧಕ್ಕಿಂತ ಹೆಚ್ಚು ಅರ್ಜಿಗಳು, ಅಂದರೆ 1,385, ಸಂದಿದ್ದವು. ಸ್ತ್ರೀಯರಲ್ಲಿ ಅಲ್ಲಿಗೆ ಅರ್ಜಿ ಹಾಕಿದವರು ಕೇವಲ 133 ಮಂದಿ. ಸ್ತ್ರೀಯರ ಅರ್ಜಿಗಳಲ್ಲಿ ಬಹುಪಾಲು ಪ್ರವೇಶ ಕಠಿನವಾಗಿದ್ದ ವಿಭಾಗಗಳಿಗೇ ಹೋಗಿದ್ದವು. ಬಿಡಿಯಲ್ಲಿ ಕಂಡ ಸಂಬಂಧವು ಇಡಿಯಲ್ಲಿ ತಲೆಕೆಳಗಾಗುವ ಈ ವಿದ್ಯಮಾನಕ್ಕೆ, 1951ರಲ್ಲಿ ಇದನ್ನು ವಿವರಿಸಿದ ಎಡ್ವರ್ಡ್ ಸಿಂಪ್ಸನ್ ಅವರ ಹೆಸರಿನಿಂದ, 'ಸಿಂಪ್ಸನ್ನನ ವಿರೋಧಾಭಾಸ' ಎಂದು ಹೆಸರಾಗಿದೆ.

ಆದರೆ ಇಷ್ಟರಿಂದ ಅನ್ಯಾಯವೇ ಇರಲಿಲ್ಲವೆಂದು ತಿಳಿಯಲಾಗದು. ಸ್ತ್ರೀಯರು ಆ ಕಠಿನ ವಿಭಾಗಗಳತ್ತಲೇ ಏಕೆ ಸಾಗಿದರು ಎಂಬ ಪ್ರಶ್ನೆ ಉಳಿಯುತ್ತದೆ. ಪ್ರವೇಶ ಸಮಿತಿಗಳಿಗಿಂತ ಹಿಂದಿನ ಹಂತಗಳಲ್ಲಿ, ಶಿಕ್ಷಣದ ಕೆಳಗಿನ ಮೆಟ್ಟಿಲುಗಳಲ್ಲಿಯೇ ಅದರ ಕಾರಣಗಳನ್ನು ಹುಡುಕಬೇಕೆಂದು ಆ ಮೂವರು ವಿದ್ವಾಂಸರು ಸೂಚಿಸಿದರು. ಕೋಷ್ಟಕವನ್ನು ತಿರುಗಿಸಿದುದರಿಂದ ಪ್ರಶ್ನೆ ಮುಗಿಯಲಿಲ್ಲ; ಅದು ತಾನು ನಿಲ್ಲಬೇಕಾದ ಎಡೆಗೆ ಹೋಗಿ ನಿಂತಿತು. ಸಮಿತಿಗಳನ್ನು ದೂರುವುದರಲ್ಲಿಯೇ ಕಾಲ ಕಳೆದಿದ್ದರೆ ನಿಜವಾದ ಕಾರಣವಿದ್ದ ಕಡೆ ಯಾರ ದೃಷ್ಟಿಯೂ ಹರಿಯುತ್ತಿರಲಿಲ್ಲ.

ವೆಬ್ ಅಪ್ಲಿಕೇಶನ್ನಿನಲ್ಲಿ ಅಳವಡಿಸುವ ಬಗೆ

ಮೇಲಿನ ಪರಿಶೀಲನೆಯನ್ನು ಮಾಡಿದವರು ಮೂಲ ದಾಖಲೆಗಳನ್ನು ಕೈಯಲ್ಲಿಟ್ಟುಕೊಂಡಿದ್ದ ವಿದ್ವಾಂಸರು. ಅಂತಹ ಪರಿಶೀಲನೆಯನ್ನು ದೂರದಲ್ಲಿರುವ ಸಾಮಾನ್ಯ ಓದುಗನೂ ತನ್ನ ಬ್ರೌಸರಿನಲ್ಲಿಯೇ ಮಾಡುವಂತಾಗಬೇಕಾದರೆ ತಿರುಗಣಿ ಕೋಷ್ಟಕವು ವೆಬ್ ಅಪ್ಲಿಕೇಶನ್ನಿನ ಅಂಗವಾಗಬೇಕು. ಇದಕ್ಕೆ ಎರಡು ಮಾರ್ಗಗಳಿವೆ.

ಮೊದಲನೆಯ ಮಾರ್ಗದಲ್ಲಿ ದಾಖಲೆಗಳೆಲ್ಲವೂ ಬ್ರೌಸರಿಗೆ ಬಂದು, ಲೆಕ್ಕವು ಓದುಗನ ಗಣಕದಲ್ಲಿಯೇ ನಡೆಯುತ್ತದೆ. ಇದಕ್ಕೆ ಒದಗುವ ಮುಕ್ತ ತಂತ್ರಾಂಶಗಳಲ್ಲಿ ನಿಕೋಲಾ ಕ್ರುಕ್ಟೆನ್ ಅವರು 2012ರ ಸುಮಾರಿಗೆ ಆರಂಭಿಸಿದ 'ಪಿವಟ್‌ಟೇಬಲ್ ಜೆಎಸ್' ಎಂಬುದು ಪ್ರಸಿದ್ಧವಾಗಿದೆ. ಇದು ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ನಡೆಯುತ್ತದೆ. ಅಳವಡಿಸುವ ಕ್ರಮ ಸರಳವಾದುದು. ಮೊದಲು ಪುಟದಲ್ಲಿ ಜೆಕ್ವೆರಿ, ಜೆಕ್ವೆರಿ ಯುಐ ಎಂಬ ಆಧಾರ ಕಡತಗಳನ್ನೂ ಅನಂತರ ಪಿವಟ್‌ಟೇಬಲಿನ ಕಡತಗಳನ್ನೂ ಸೇರಿಸಬೇಕು. ಪುಟದಲ್ಲಿ ಕೋಷ್ಟಕ ಬರಬೇಕಾದ ಎಡೆಯಲ್ಲಿ ಒಂದು ಬರಿದಾದ ಚೌಕಟ್ಟನ್ನು ಇರಿಸಿ ಅದಕ್ಕೊಂದು ಹೆಸರು ಕೊಡಬೇಕು. ಸರ್ವರಿನಿಂದ ದಾಖಲೆಗಳನ್ನು ಜೆಸನ್ ಅಥವಾ ಸಿಎಸ್‌ವಿ ರೂಪದಲ್ಲಿ ತರಿಸಿಕೊಳ್ಳಬೇಕು. ಕೊನೆಯಲ್ಲಿ 'ಪಿವಟ್ ಯುಐ' ಎಂಬ ಕ್ರಿಯೆಯನ್ನು ಕರೆದು, ದಾಖಲೆಗಳನ್ನೂ ಆರಂಭದ ವಿನ್ಯಾಸವನ್ನೂ ಅದಕ್ಕೆ ಒಪ್ಪಿಸಬೇಕು. ತಲೆಬರಹಗಳು ಚಿಕ್ಕ ಚೀಟಿಗಳಂತೆ ತೆರೆಯ ಮೇಲೆ ಮೂಡುತ್ತವೆ. ಅವುಗಳನ್ನು ಅಡ್ಡಸಾಲಿಗೋ ಕಂಬಸಾಲಿಗೋ ಎಳೆಯಬಹುದು. ಚೀಟಿಯ ಮೇಲಿನ ಪುಟ್ಟ ತ್ರಿಕೋಣವನ್ನು ಒತ್ತಿ, ಬೇಡವಾದ ಮಾಹಿತಿಯನ್ನು ಲೆಕ್ಕದಿಂದ ಕೈಬಿಡಬಹುದು.

ಎರಡನೆಯ ಮಾರ್ಗದಲ್ಲಿ ಲೆಕ್ಕವು ಸರ್ವರಿನ ದತ್ತಸಂಚಯದಲ್ಲಿ ನಡೆದು, ಫಲಿತ ಮಾತ್ರ ಬ್ರೌಸರಿಗೆ ಬರುತ್ತದೆ. ದಾಖಲೆಗಳು ಅಪಾರವಾಗಿದ್ದರೆ ಅಥವಾ ಗೋಪ್ಯವಾಗಿದ್ದರೆ ಈ ಮಾರ್ಗವೇ ಉಚಿತ. ಬರ್ಕ್ಲಿಯ ಆರು ವಿಭಾಗಗಳ ದಾಖಲೆಗಳು 4,526. ಆದರೆ ಆರು ವಿಭಾಗ, ಎರಡು ಲಿಂಗ, ಎರಡು ಫಲಿತಾಂಶ ಎಂಬ ಈ ಮೂರು ತಲೆಬರಹಗಳ ಸಂಯೋಗಗಳು 24 ಮಾತ್ರ. 4,526 ಸಾಲುಗಳ ಬದಲು, ಎಣಿಕೆಯೊಡಗೂಡಿದ 24 ಸಾಲುಗಳನ್ನು ಕಳುಹಿಸಿದರೆ ಓದುಗನಿಗೆ ಯಾವ ಕೊರತೆಯೂ ಆಗುವುದಿಲ್ಲ. ಆಗ ಒಂದು ಎಚ್ಚರ ಅಗತ್ಯ: ಮನೆಗಳಲ್ಲಿ ದಾಖಲೆಗಳ ಎಣಿಕೆಯನ್ನು ಕೇಳದೆ, 'ಎಣಿಕೆ' ಎಂಬ ತಲೆಬರಹದ ಮೊತ್ತವನ್ನು ಕೇಳಬೇಕು. ಇಲ್ಲವಾದರೆ 4,526 ಅರ್ಜಿಗಳ ಸ್ಥಾನದಲ್ಲಿ 24 ಎಂಬ ಸಂಖ್ಯೆ ನಿಲ್ಲುತ್ತದೆ. ಅಂತೆಯೇ ಡೇಟಾ ಕ್ಯೂಬಿನ ಕ್ರಿಯೆಯಿಂದ ಪಡೆದ ಸಾಲುಗಳಲ್ಲಿ ಉಪಮೊತ್ತಗಳೂ ಬೆರೆತಿರುತ್ತವೆ. ಅವುಗಳನ್ನು ಬೇರ್ಪಡಿಸದೆ ಮತ್ತೆ ಕೂಡಿಸಿದರೆ ಮೂರು ತಲೆಬರಹಗಳ ಈ ನಿದರ್ಶನದಲ್ಲಿ ಮೊತ್ತವು ಎಂಟು ಪಟ್ಟಾಗಿ 36,208ಕ್ಕೆ ಏರುತ್ತದೆ.

ಓದುಗನು ಕಂಡುಕೊಂಡ ವಿನ್ಯಾಸವನ್ನು ಉಳಿಸುವ ವ್ಯವಸ್ಥೆಯೂ ಇರಬೇಕು. ಪಿವಟ್‌ಟೇಬಲ್ ಜೆಎಸ್‌ನಲ್ಲಿ ಪ್ರತಿ ಬದಲಾವಣೆಯ ನಂತರವೂ ಅಂದಿನ ವಿನ್ಯಾಸವನ್ನು ಒಪ್ಪಿಸುವ ಸೌಲಭ್ಯವಿದೆ. ಅದನ್ನು ಸರ್ವರಿನಲ್ಲಿ ಕಾದಿರಿಸಿದರೆ, ಒಬ್ಬರು ಕಂಡ ಕೋಷ್ಟಕವನ್ನು ಮತ್ತೊಬ್ಬರೂ ತೆರೆದು ಅದರ ಸತ್ಯವನ್ನು ತಾವೇ ಪರೀಕ್ಷಿಸಬಹುದು. ಅಲ್ಲದೆ, ಎಳೆಯುವ ಕ್ರಿಯೆಯು ಸ್ಪರ್ಶಪರದೆಯ ಫೋನುಗಳಲ್ಲಿ ಜೆಕ್ವೆರಿ ಯುಐ ಒಂದರಿಂದಲೇ ನಡೆಯುವುದಿಲ್ಲ. ಪೂರಕ ಕಡತವೊಂದು ಬೇಕಾಗುತ್ತದೆ. ದೃಷ್ಟಿಹೀನರಿಗೂ ಕೀಲಿಮಣೆಯನ್ನಷ್ಟೇ ಬಳಸುವವರಿಗೂ ಅನುಕೂಲವಾಗುವಂತೆ, ತಲೆಬರಹಗಳನ್ನು ಪಟ್ಟಿಯಿಂದ ಆರಿಸುವ ಬದಲಿ ದಾರಿಯೊಂದನ್ನು ಒದಗಿಸುವುದು ಒಳ್ಳೆಯದು.

ಲೆಕ್ಕದ ವಿಧಾನದ ಆಯ್ಕೆ

ತಂತ್ರಾಂಶವನ್ನು ಸೇರಿಸುವುದು ಸುಲಭ; ಮನೆಗಳಲ್ಲಿ ಬರಬೇಕಾದ ಲೆಕ್ಕವನ್ನು ಸರಿಯಾಗಿ ನಿಶ್ಚಯಿಸುವುದೇ ಕಷ್ಟ. ಬರ್ಕ್ಲಿಯ ಅಂಕಿಗಳಲ್ಲಿ ವಿಭಾಗವಾರು ಶೇಕಡಾ ಪ್ರಮಾಣಗಳನ್ನು ಮಾತ್ರ ದಾಖಲೆಗಳಲ್ಲಿ ಇಟ್ಟು, ಓದುಗನು 'ಸರಾಸರಿ' ಎಂಬುದನ್ನು ಆರಿಸಿದನೆಂದು ಭಾವಿಸೋಣ. ಆರು ಪ್ರಮಾಣಗಳ ಸರಾಸರಿಯು ಪುರುಷರಿಗೆ 38.1, ಸ್ತ್ರೀಯರಿಗೆ 41.7 ಎಂದು ಬರುತ್ತದೆ. ವಾಸ್ತವದಲ್ಲಿ ಒಟ್ಟು ಪ್ರಮಾಣಗಳು 44.5 ಮತ್ತು 30.4. ಕೇವಲ 25 ಸ್ತ್ರೀಯರಿದ್ದ ಬಿ ವಿಭಾಗಕ್ಕೂ 593 ಸ್ತ್ರೀಯರಿದ್ದ ಸಿ ವಿಭಾಗಕ್ಕೂ ಸಮಾನ ತೂಕ ಕೊಟ್ಟುದರ ಪರಿಣಾಮವಿದು. ಆದುದರಿಂದ ದಾಖಲೆಗಳಲ್ಲಿ ಶೇಕಡಾ ಪ್ರಮಾಣಗಳನ್ನು ಇಡಬಾರದು. ಅರ್ಜಿ ಮತ್ತು ಪ್ರವೇಶಗಳ ಮೂಲ ಸಂಖ್ಯೆಗಳನ್ನೇ ಇಟ್ಟು, ಮೊದಲು ಎರಡನ್ನೂ ಬೇರೆ ಬೇರೆಯಾಗಿ ಕೂಡಿಸಿ, ಅನಂತರ ಭಾಗಿಸಬೇಕು. ಪಿವಟ್‌ಟೇಬಲ್ ಜೆಎಸ್‌ನಲ್ಲಿ 'ಸಮ್ ಓವರ್ ಸಮ್' ಎಂಬ ವಿಧಾನವಿರುವುದು ಇದಕ್ಕಾಗಿಯೇ.

ಶೇಕಡಾ ಎಂದಾಗ ಯಾವುದರ ಶೇಕಡಾ ಎಂಬುದನ್ನೂ ಸ್ಪಷ್ಟಪಡಿಸಬೇಕು. ಎ ವಿಭಾಗದಲ್ಲಿ ಪ್ರವೇಶ ಪಡೆದ 89 ಸ್ತ್ರೀಯರು, ಅಲ್ಲಿಗೆ ಅರ್ಜಿ ಹಾಕಿದ ಸ್ತ್ರೀಯರಲ್ಲಿ ಶೇಕಡಾ 82.4; ಆರೂ ವಿಭಾಗಗಳಲ್ಲಿ ಪ್ರವೇಶ ಪಡೆದ ಸ್ತ್ರೀಯರಲ್ಲಿ ಶೇಕಡಾ 16.0, ಎ ವಿಭಾಗಕ್ಕೆ ಸೇರಿದವರೆಲ್ಲರಲ್ಲಿ ಶೇಕಡಾ 14.8. ಮೂರೂ ಸತ್ಯವೇ. ಆದರೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ತೋರಿಸಿದರೆ ಸತ್ಯವಾದ ಅಂಕಿಯೇ ಸುಳ್ಳನ್ನು ಹೇಳುತ್ತದೆ. ಕೋಷ್ಟಕದ ಮೇಲೆ ಛೇದವು ಯಾವುದೆಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡುವುದು ಅಳವಡಿಸುವವರ ಕರ್ತವ್ಯ. ಶೇಕಡಾ ಪ್ರಮಾಣದ ಮಗ್ಗುಲಲ್ಲಿ ಮೂಲ ಎಣಿಕೆಯನ್ನೂ ತೋರಿಸುವುದು ಮೇಲು. 25 ಮಂದಿಯಲ್ಲಿ ಶೇಕಡಾ 68 ಎಂಬುದಕ್ಕೂ 593 ಮಂದಿಯಲ್ಲಿ ಶೇಕಡಾ 34 ಎಂಬುದಕ್ಕೂ ಇರುವ ಭರವಸೆಯ ವ್ಯತ್ಯಾಸ ಆಗ ಓದುಗನಿಗೆ ತಾನಾಗಿ ತಿಳಿಯುತ್ತದೆ.

ಕನ್ನಡದ ದಾಖಲೆಗಳಲ್ಲಿ ವಹಿಸಬೇಕಾದ ಎಚ್ಚರ

ದಾಖಲೆಗಳು ಕನ್ನಡದಲ್ಲಿದ್ದಾಗ ಇನ್ನು ಕೆಲವು ತೊಡಕುಗಳು ಒದಗುತ್ತವೆ. ತಿರುಗಣಿ ಕೋಷ್ಟಕವು ಎರಡು ಪದಗಳು ಒಂದೇ ಎಂದು ತಿಳಿಯುವುದು ಅವುಗಳ ಸಂಕೇತಗಳು ಒಂದೇ ಆಗಿದ್ದಾಗ ಮಾತ್ರ. 'ಕೋಲಾರ' ಎಂಬ ಪದದ ಮೊದಲ ಅಕ್ಷರದಲ್ಲಿರುವ ದೀರ್ಘ ಓಕಾರದ ಚಿಹ್ನೆಯನ್ನು ಯುನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಬಿಡಿಬಿಡಿಯಾದ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಗಣಕಕ್ಕೆ ಅವು ಬೇರೆ ಬೇರೆಯಾಗಿ ಕೋಷ್ಟಕದಲ್ಲಿ 'ಕೋಲಾರ' ಎಂಬ ಎರಡು ಸಾಲುಗಳು ಮೂಡುತ್ತವೆ. ಜಿಲ್ಲೆಯ ಲೆಕ್ಕ ಎರಡಾಗಿ ಸೀಳುತ್ತದೆ. ಪದದ ಕೊನೆಯಲ್ಲಿ ಉಳಿದ ಬರಿಯ ಸ್ಥಳ, ನಡುವೆ ಸೇರಿದ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ಇವುಗಳಿಂದಲೂ ಹೀಗೆಯೇ ಆಗುತ್ತದೆ. ದಾಖಲೆಗಳನ್ನು ಕೋಷ್ಟಕಕ್ಕೆ ಒಪ್ಪಿಸುವ ಮೊದಲು ಯುನಿಕೋಡಿನ ಏಕರೂಪಗೊಳಿಸುವ ಕ್ರಿಯೆಗೆ ಒಳಪಡಿಸಬೇಕು. ಜಾವಾಸ್ಕ್ರಿಪ್ಟಿನಲ್ಲಿ ಇದಕ್ಕೆ 'ನಾರ್ಮಲೈಸ್' ಎಂಬ ಸಿದ್ಧ ಕ್ರಿಯೆಯಿದೆ. ಉಳಿದ ಸ್ಥಳಗಳನ್ನೂ ಚಿಹ್ನೆಗಳನ್ನೂ ಬೇರೆಯಾಗಿ ತೆಗೆದುಹಾಕಬೇಕು.

ಅಂಕಿಗಳ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ೧೨೫ ಎಂದು ಕನ್ನಡ ಅಂಕಿಗಳಲ್ಲಿ ಬರೆದುದನ್ನು ಜಾವಾಸ್ಕ್ರಿಪ್ಟ್ ಸಂಖ್ಯೆಯೆಂದು ಗ್ರಹಿಸುವುದಿಲ್ಲ. ಮೊತ್ತ ತೆಗೆಯುವಾಗ ಅಂತಹ ಮನೆಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. 1,198 ಎಂದು ಅಲ್ಪವಿರಾಮದೊಡನೆ ಬರೆದಿದ್ದರೆ ಅದು ವಿರಾಮದವರೆಗೆ ಓದಿ 1 ಎಂದು ತಿಳಿಯುವ ಸಂಭವವಿದೆ. ತಪ್ಪಾಯಿತೆಂಬ ಸೂಚನೆಯೂ ಬರುವುದಿಲ್ಲ. ಹೀಗಾಗಿ ಸಂಖ್ಯೆಗಳನ್ನು ಶುದ್ಧ ರೂಪದಲ್ಲಿ ಇಟ್ಟು, ಲಕ್ಷ ಕೋಟಿಗಳ ಕ್ರಮದಲ್ಲಿ ವಿರಾಮ ಹಾಕುವುದನ್ನೂ ಕನ್ನಡ ಅಂಕಿಗಳಲ್ಲಿ ತೋರಿಸುವುದನ್ನೂ ಲೆಕ್ಕ ಮುಗಿದ ಮೇಲೆ, ತೆರೆಯ ಮೇಲೆ ಬರೆಯುವಾಗ ಮಾತ್ರ ಮಾಡಬೇಕು. ಹಾಗೆಯೇ ಮಾಹಿತಿ ದೊರೆಯದ ಮನೆಯನ್ನು ಸೊನ್ನೆಯೆಂದು ತುಂಬಬಾರದು. ಸೊನ್ನೆ ಎಂಬುದು ಎಣಿಸಿ ತಿಳಿದ ಸಂಗತಿ; ಬರಿದು ಎಂಬುದು ಎಣಿಸದೆ ಉಳಿದ ಸಂಗತಿ. ಎರಡನ್ನೂ ಒಂದು ಮಾಡಿದರೆ ಸರಾಸರಿಗಳೆಲ್ಲ ಕೆಡುತ್ತವೆ.

ಸಾಹಿತ್ಯದ ವಿದ್ಯಾರ್ಥಿಗಳು ಪದಸೂಚಿಗಳನ್ನು ಇದೇ ಕ್ರಮದಲ್ಲಿ ಸಿದ್ಧಪಡಿಸಬಹುದು. ಪದ, ಕರ್ತೃ, ಕೃತಿ ಎಂಬ ತಲೆಬರಹಗಳ ಕೆಳಗೆ ಪ್ರತಿಯೊಂದು ಪ್ರಯೋಗವನ್ನೂ ದಾಖಲಿಸಿದರೆ ಯಾವ ಪದ ಯಾರಲ್ಲಿ ಎಷ್ಟು ಬಾರಿ ಬಂದಿದೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಆದರೆ ಬರ್ಕ್ಲಿಯ ಪಾಠ ಇಲ್ಲಿಯೂ ಅನ್ವಯಿಸುತ್ತದೆ. ಹೆಚ್ಚು ಬರೆದವರಲ್ಲಿ ಎಲ್ಲ ಪದಗಳೂ ಹೆಚ್ಚಾಗಿಯೇ ಕಾಣುತ್ತವೆ. ಬರಿಯ ಎಣಿಕೆಯನ್ನು ಹಿಡಿದು ಇಂತಹ ಪದ ಇಂತಹವರಿಗೆ ಪ್ರಿಯವೆಂದು ನಿರ್ಣಯಿಸುವ ಮೊದಲು ಆ ಕರ್ತೃವಿನ ಒಟ್ಟು ಪದಗಳ ಸಂಖ್ಯೆಯಿಂದ ಭಾಗಿಸಬೇಕು. ಗದ್ಯ ಪದ್ಯಗಳೆಂಬ ಪ್ರಭೇದವನ್ನೂ ಒಂದು ತಲೆಬರಹವಾಗಿ ತಂದು ತಿರುಗಿಸಿ ನೋಡಬೇಕು.

ಗೋಪ್ಯತೆಯ ಪ್ರಶ್ನೆ

ಪ್ರಶ್ನಿಸುವ ಅಧಿಕಾರವನ್ನು ಓದುಗನಿಗೆ ಕೊಟ್ಟಾಗ ದಾಖಲೆಯಲ್ಲಿರುವ ವ್ಯಕ್ತಿಗಳ ಮಾನವನ್ನೂ ಕಾಯಬೇಕಾಗುತ್ತದೆ. ಬರ್ಕ್ಲಿಯ ಬಿ ವಿಭಾಗದಲ್ಲಿ ಪ್ರವೇಶ ದೊರೆಯದ ಸ್ತ್ರೀಯರು ಎಂಟು ಮಂದಿ ಮಾತ್ರ. ಇದರೊಡನೆ ಊರು, ವಯಸ್ಸು ಎಂಬ ಇನ್ನೆರಡು ತಲೆಬರಹಗಳಿದ್ದು ಅವುಗಳನ್ನೂ ಎಳೆದರೆ ಒಂದೊಂದು ಮನೆಯಲ್ಲಿ ಒಬ್ಬೊಬ್ಬರೇ ಉಳಿಯುತ್ತಾರೆ. ಹೆಸರಿಲ್ಲದಿದ್ದರೂ ಅವರು ಯಾರೆಂಬುದು ಬಲ್ಲವರಿಗೆ ತಿಳಿದುಹೋಗುತ್ತದೆ. ಆದುದರಿಂದ ಗೊತ್ತುಪಡಿಸಿದ ಸಂಖ್ಯೆಗಿಂತ ಕಡಿಮೆಯಿರುವ ಮನೆಗಳನ್ನು ಮರೆಮಾಡುವುದು ರೂಢಿಯಲ್ಲಿದೆ. ಅಂಚಿನ ಮೊತ್ತದಿಂದ ಉಳಿದ ಮನೆಗಳನ್ನು ಕಳೆದು ಅದನ್ನು ಕಂಡುಹಿಡಿಯಲಾಗದಂತೆ ಮತ್ತೊಂದು ಮನೆಯನ್ನೂ ಮರೆಮಾಡಬೇಕಾಗುತ್ತದೆ.

ಇಲ್ಲಿ ಅನೇಕರು ಒಂದು ಭ್ರಮೆಗೆ ಒಳಗಾಗುವುದುಂಟು. ತಂತ್ರಾಂಶದಲ್ಲಿ ತಲೆಬರಹಗಳನ್ನು ಅಡಗಿಸುವ ಸೌಲಭ್ಯವಿರುವುದರಿಂದ ಹೆಸರು, ವಿಳಾಸಗಳನ್ನು ಅಡಗಿಸಿದರೆ ಸಾಕೆಂದು ಅವರು ತಿಳಿಯುತ್ತಾರೆ. ಆ ಸೌಲಭ್ಯವು ಚೀಟಿಯನ್ನು ತೆರೆಯ ಮೇಲಿಂದ ಮರೆಮಾಡುತ್ತದೆಯೇ ಹೊರತು ದಾಖಲೆಯನ್ನು ಅಳಿಸುವುದಿಲ್ಲ. ಬ್ರೌಸರಿಗೆ ಒಮ್ಮೆ ಬಂದ ಮಾಹಿತಿಯನ್ನು ಬಲ್ಲವನು ಸುಲಭವಾಗಿ ಓದಬಹುದು. ಕಳುಹಿಸಬಾರದುದನ್ನು ಸರ್ವರಿನಲ್ಲಿಯೇ ತಡೆಯಬೇಕು. ಸಣ್ಣ ಮನೆಗಳನ್ನು ಮರೆಮಾಡುವ ಕಾರ್ಯವೂ ಅಲ್ಲಿಯೇ ಮುಗಿಯಬೇಕು. ಗೋಪ್ಯ ದಾಖಲೆಗಳಿಗೆ ಎರಡನೆಯ ಮಾರ್ಗವೇ ಉಚಿತವೆಂದು ಮೇಲೆ ಹೇಳಿದುದರ ಕಾರಣವಿದು.

ಈ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ತಿರುಗಣಿ ಕೋಷ್ಟಕವು ತಾನಾಗಿ ಸತ್ಯವನ್ನು ಹೇಳುವ ಯಂತ್ರವಲ್ಲ. 'ವಿಭಾಗ' ಎಂಬ ತಲೆಬರಹವೇ ದಾಖಲೆಯಲ್ಲಿ ಇಲ್ಲದಿದ್ದರೆ ಎಷ್ಟು ತಿರುಗಿಸಿದರೂ ಬರ್ಕ್ಲಿಯ ಸಂಗತಿ ಹೊರಬೀಳುತ್ತಿರಲಿಲ್ಲ. ಆ ತಲೆಬರಹವಿದ್ದರೂ ಅದನ್ನು ಎಳೆದು ನೋಡಬೇಕೆಂಬ ಶಂಕೆ ಓದುಗನಲ್ಲಿ ಹುಟ್ಟದಿದ್ದರೆ ಫಲವಿಲ್ಲ. ವೆಬ್ ಅಪ್ಲಿಕೇಶನ್ನನ್ನು ರಚಿಸುವವರು ತಮ್ಮ ತೀರ್ಮಾನವನ್ನು ಸಮರ್ಥಿಸುವ ಒಂದು ಸ್ಥಿರ ಕೋಷ್ಟಕವನ್ನು ಮಾತ್ರ ತೋರಿಸಿ ನಿಲ್ಲದೆ, ಅದನ್ನು ಖಂಡಿಸಬಹುದಾದ ತಲೆಬರಹಗಳನ್ನೂ ಓದುಗನ ಕೈಗೆ ಎಟುಕುವಂತೆ ಇಡಬೇಕು. ಓದುಗನಾದರೋ ಯಾವುದೇ ಮೊತ್ತವನ್ನು ನಂಬಿ ಯಾರ ಮೇಲಾದರೂ ದೋಷವನ್ನು ಹೊರಿಸುವ ಮುನ್ನ, ಕನಿಷ್ಠ ಇನ್ನೊಂದು ತಲೆಬರಹವನ್ನಾದರೂ ಎಳೆದು ನೋಡಬೇಕು.